ಶಿವರುದ್ರಪ್ಪನವರ ಹಿಂದಿನ ಆಕ್ಸಲ್

ಹೂಟಗಳ್ಳಿಯಲ್ಲಿ ಗೇರು, ಶಾಫ್ಟು ಮಾಡುವ ಒಂದು ಕಾರ್ಖಾನೆಯಿತ್ತು. ಅಲ್ಲಿನ ತಪಾಸಣೆ ವಿಭಾಗದಲ್ಲಿ ಆಯುಷ್ಯದ ಮುಕ್ಕಾಲು ಪಾಲು ಕಳೆದ ಶಿವರುದ್ರಪ್ಪನವರಿಗೆ ಬೆನ್ನ ಹಿಂದೆ ಜನ ಇಟ್ಟಿದ್ದ ಹೆಸರು ‘ರಿಜೆಕ್ಟ್ ರುದ್ರಪ್ಪ’. ಹೊರಗಿನ ಸಣ್ಣಪುಟ್ಟ ವರ್ಕ್‌ಶಾಪಿನವರು ತಂದೊಪ್ಪಿಸುವ ಮಾಲನ್ನು ಅವರು ಬೆಳಕಿಗೆ ಹಿಡಿದು ನೋಡುವರು, ಉಗುರಿನಿಂದ ಸವರಿ ನೋಡುವರು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನಾದ ಕೇಳುವರು. ಕೂದಲೆಳೆಯಷ್ಟು ಬಿರುಕು ಕಂಡರೆ ಸಾಕು, ಪಕ್ಕದಲ್ಲಿದ್ದ ಕೆಂಪು ಬಣ್ಣದ ಡಬ್ಬಿಗೆ ಬ್ರಷ್ ಅದ್ದಿ ಒಂದು ಗೀಟು ಎಳೆದುಬಿಡುವರು. ಗೀಟು ಬಿದ್ದ ಮೇಲೆ ಮಠದಿಂದ ಹೇಳಿಸಿದರೂ ಪ್ರಯೋಜನವಿರಲಿಲ್ಲ. ಒಮ್ಮೆ ಸ್ವಂತ ಷಡ್ಡಕನ ವರ್ಕ್‌ಶಾಪಿನ ಮಾಲನ್ನೇ ಪೂರ್ತಿ ವಾಪಸ್ಸು ಕಳಿಸಿದ್ದರಿಂದ ಆ ಮನೆಯಿಂದ ಹಬ್ಬದೂಟದ ಕರೆ ಬರುವುದೇ ನಿಂತುಹೋಗಿತ್ತು.

“ಶಾಫ್ಟ್ ಮುರಿದ್ರೆ ಕಾರ್ಖಾನೆಗೇನೂ ಆಗಲ್ಲ. ಅದರ ಮೇಲೆ ಕೂತಿರೋನು ಮುರೀತಾನೆ” ಎಂಬುದು ಅವರ ಮಾತು. ಈ ಮಾತನ್ನು ಅವರು ಎಷ್ಟು ಸಲ ಆಡಿದ್ದರೆಂದರೆ, ಹೆಂಡತಿ ಶಾಂತಾದೇವಿ ಒಡೆದ ತೆಂಗಿನಕಾಯಿ ಕೆಟ್ಟಿದ್ದರೂ ಇದನ್ನೇ ಹೇಳಿ ನಗುತ್ತಿದ್ದರು.

ತೊಂಬತ್ತೇಳರಲ್ಲಿ ಕಾರ್ಖಾನೆಯವರು ಸ್ವಯಂ ನಿವೃತ್ತಿಯ ಯೋಜನೆ ತಂದರು. ಶಿವರುದ್ರಪ್ಪನವರು ತೆಗೆದುಕೊಂಡರು. ಶ್ರೀರಾಂಪುರದ ಹೊಸ ಬಡಾವಣೆಯಲ್ಲಿ ಕಟ್ಟಿದ ಮನೆ, ಮನೆಯ ಪಕ್ಕಕ್ಕೊಂದು ಶೆಡ್ಡು, ಶೆಡ್ಡಿನೊಳಗೆ ಮಾವನವರಿಂದ ಬಂದ ಮಾರಿಸ್ ಮೈನರ್ ಕಾರು. ಮಾವ ಶಿವರಾಂಪೇಟೆಯಲ್ಲಿ ಪಾತ್ರೆ ವ್ಯಾಪಾರಿ. ಐವತ್ತರ ದಶಕದಲ್ಲಿ ಕೊಂಡ ಆ ಕಾರು ಆಮೆಯ ಚಿಪ್ಪಿನಂತೆ ದುಂಡಗಿತ್ತು, ತಿಳಿಹಸಿರು ಬಣ್ಣ. ಅಳಿಯ ಅದನ್ನು ವರ್ಷಕ್ಕೊಮ್ಮೆ ಆಯುಧಪೂಜೆಗೆ ತೊಳೆದು, ಕುಂಬಳಕಾಯಿ ಒಡೆದು, ಮತ್ತೆ ಟಾರ್ಪಾಲು ಹೊದಿಸುತ್ತಿದ್ದರು. ಈಗ ದಿನವಿಡೀ ಬಿಡುವು. ಟಾರ್ಪಾಲು ತೆಗೆದರು.

ಮೊದಲ ಸವಾರಿ ಚಾಮುಂಡಿ ಬೆಟ್ಟಕ್ಕೆ. ಅರ್ಧ ದಾರಿ ಏರುವಷ್ಟರಲ್ಲಿ ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಬಂತು. ಮೂವತ್ತು ಅಶ್ವಶಕ್ತಿಯ ಎಂಜಿನ್ನು; ಅದರಲ್ಲೂ ವಯಸ್ಸಾಗಿ ಎಷ್ಟು ಕುದುರೆ ಸತ್ತಿದ್ದವೋ. ಕಾರನ್ನು ಬದಿಗೆ ನಿಲ್ಲಿಸಿ ನೀರು ಹುಯ್ಯುತ್ತಿದ್ದಾಗ ಸಿಟಿ ಬಸ್ಸೊಂದು ನಿಧಾನಿಸಿತು. ಡ್ರೈವರು ತಲೆ ಹೊರಗೆ ಹಾಕಿ, “ಯಜಮಾನ್ರೇ, ತಳ್ಳೋಕೆ ನಾಲ್ಕು ಜನ ಇಳಿಸ್ಲಾ?” ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ. ಬಸ್ಸಿನ ಒಂದು ಬದಿಯ ಕಿಟಕಿಗಳೆಲ್ಲ ನಕ್ಕವು. ಶಿವರುದ್ರಪ್ಪನವರು ಕಾರನ್ನು ತಿರುಗಿಸಿ ಇಳಿಜಾರಿನಲ್ಲಿ ಮನೆಗೆ ಬಂದರು. ಶಾಂತಾದೇವಿ, “ದರ್ಶನ ಆಯ್ತಾ?” ಎಂದರೆ, “ನಡುದಾರೀಲೇ ಆಯ್ತು” ಎಂದು ಒಳಗೆ ಹೋದರು.

ಮರುದಿನವೇ ಡೆನ್ನಿಸ್‌ನ ಗ್ಯಾರೇಜಿಗೆ ಹೋದರು. ದೊಡ್ಡ ಚರ್ಚಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಕಾರುಗಳ ರಿಪೇರಿ ಮಾಡುವ ಡೆನ್ನಿಸ್ ಭಾನುವಾರ ಪೂಜೆ ಮುಗಿಸಿ ಬಂದ ಬಿಳಿ ಅಂಗಿಯಲ್ಲೇ ಕಾರಿನಡಿ ನುಗ್ಗುವ ಪೈಕಿ. ‘ಆಗಲ್ಲ’ ಎಂಬ ಶಬ್ದವನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಅವನ ಗ್ಯಾರೇಜಿನ ಮೂಲೆಯಲ್ಲಿ ಅಪಘಾತವಾಗಿ ಜಜ್ಜಿಹೋದ ಕಾಂಟೆಸ್ಸಾ ಕಾರಿನ ಎಂಜಿನ್ನೊಂದು ಮದುವೆಯಾಗದ ಮಗಳಂತೆ ಕೂತಿತ್ತು. ಎಂಬತ್ತೈದು ಅಶ್ವಶಕ್ತಿ.

“ಹಾಕ್ಬುಡೋಣ ಸಾರ್” ಎಂದ ಡೆನ್ನಿಸ್.

“ಎಂಜಿನ್ ಸರಿ. ಹಿಂದಿನ ಆಕ್ಸಲ್ ಇದನ್ನ ತಡೆಯುತ್ತೇನಪ್ಪ?”

“ತಡೆಯುತ್ತೆ ಸಾರ್.”

“ಯಾವ ಆಧಾರದ ಮೇಲೆ ಹೇಳ್ತೀಯ?”

“ಇಷ್ಟು ವರ್ಷ ತಡೆದಿದೆಯಲ್ಲ ಸಾರ್.”

ಎಂಜಿನ್ನು ಎಷ್ಟೇ ಕುಣಿದರೂ ಕೊನೆಗೆ ಆ ಶಕ್ತಿಯೆಲ್ಲ ಚಕ್ರಕ್ಕೆ ತಲುಪಬೇಕಾದದ್ದು ಹಿಂದಿನ ಅಚ್ಚಿನೊಳಗಿನ ಎರಡು ಉಕ್ಕಿನ ಸರಳುಗಳ ಮೂಲಕ. ಅವು ಹೆಬ್ಬೆರಳಿಗಿಂತ ಚೂರು ದಪ್ಪ. ಮಾರಿಸ್ ಮೈನರಿನ ಸರಳುಗಳು ಮೂವತ್ತು ಕುದುರೆಗೆಂದು ಮಾಡಿದವು. ಇದು ಶಿವರುದ್ರಪ್ಪನವರಿಗೆ ಗೊತ್ತಿಲ್ಲದ ವಿಷಯವಲ್ಲ. ಮನೆಗೆ ಬಂದು ಲೆಕ್ಕ ಹಾಕಿದರು. ಸರಳಿನ ದಪ್ಪ ಇಷ್ಟು, ಉಕ್ಕಿನ ಗುಣ ಇಂಥದ್ದು, ತಿರುಚುವ ಬಲ ಇಷ್ಟು. ಗುಣಿಸಿ ಭಾಗಿಸಿ ನೋಡಿದರೆ ಉತ್ತರ ಅಪಾಯದ ಗೆರೆಯ ಈಚೆಗೇ ಬಂತು. ಎಲೆಯ ತುದಿಯಲ್ಲಿ ನಿಂತ ಹನಿಯಂತೆ, ಆದರೂ ಈಚೆಗೆ. ಸರಳಿನಲ್ಲಿ ದೋಷವಿಲ್ಲದಿದ್ದರೆ, ಎಂದು ಮನಸ್ಸಿನಲ್ಲೇ ಸೇರಿಸಿಕೊಂಡರು.

“ಒಂದ್ಸಲ ಬಿಚ್ಚಿ ನೋಡ್ಬುಡೋಣ್ವಾ ಸಾರ್?” ಎಂದು ಡೆನ್ನಿಸ್ ಕೇಳಿದ್ದುಂಟು.

“ಬೇಡ ಬಿಡು. ಚೆನ್ನಾಗಿ ಓಡ್ತಿರೋದನ್ನ ಯಾಕೆ ಬಿಚ್ಚಬೇಕು?” ಎಂದರು ಶಿವರುದ್ರಪ್ಪನವರು.

ಕಾರ್ಖಾನೆಯ ದಿನಗಳಲ್ಲಿ ಯಾವನಾದರೂ ವರ್ಕ್‌ಶಾಪಿನವನು ಈ ಮಾತು ಆಡಿದ್ದರೆ ಮಾಲಿಗಲ್ಲ, ಅವನಿಗೇ ಕೆಂಪು ಗೀಟು ಬೀಳುತ್ತಿತ್ತು.

ಎಂಜಿನ್ನು ಕೂತಿತು. ಜೊತೆಗೆ ಅದೇ ಕಾರಿನ ಗೇರ್‌ಬಾಕ್ಸು, ಮುಂದಕ್ಕೆ ಒಳ್ಳೆಯ ಬ್ರೇಕು. ಆರ್‌ಟಿಓ ಕಚೇರಿಗೆ ಅಲೆದು ಕಾಗದಪತ್ರವನ್ನೂ ಸರಿಮಾಡಿಸಿದ್ದಾಯಿತು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಶೆಡ್ಡಿನ ತಗಡು ಗಡಗಡಿಸಿ, ಪಕ್ಕದ ಮನೆಯ ಮಂಗಳಮ್ಮನವರು ಒಣಹಾಕಿದ್ದ ಬಟ್ಟೆ ಎತ್ತಿಕೊಂಡು ಒಳಗೆ ಓಡಿದರು, ಮಳೆ ಬಂತೆಂದು. ಶಿವರುದ್ರಪ್ಪನವರು ಅದೇ ವಾರ ಬೆಟ್ಟ ಹತ್ತಿದರು. ಯಾವ ತಿರುವಿನಲ್ಲೂ ನಿಲ್ಲಲಿಲ್ಲ. ಒಂದು ಬಸ್ಸನ್ನು ಹಿಂದಿಕ್ಕಿದರು. ಅದೇ ಬಸ್ಸೋ ಬೇರೆಯದೋ ಎಂದು ಅವರು ವಿಚಾರಿಸಲಿಲ್ಲ. ಅದೇ ಬಸ್ಸೆಂದು ನಿರ್ಧರಿಸಿಕೊಂಡರು.

ಈ ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಗೋಕುಲಂನಲ್ಲಿ ಒಬ್ಬ ನೆಂಟರ ಮನೆಗೆ ಹೋಗಿದ್ದವರು ಎಳನೀರು ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದರು. ಯೋಗ ಕಲಿಯಲು ಬಂದು ಅಲ್ಲೇ ಬಾಡಿಗೆ ಮನೆಯಲ್ಲಿದ್ದ ಗ್ರಹಾಂ ಎಂಬ ಇಂಗ್ಲಿಷಿನವನು ಎಳನೀರು ಹಿಡಿದುಕೊಂಡೇ ಕಾರಿನ ಸುತ್ತ ಪ್ರದಕ್ಷಿಣೆ ಬಂದ. ಅವನ ತಂದೆಯದು ಅವನೂರಿನಲ್ಲಿ ಗ್ಯಾರೇಜಂತೆ. ಇಂಥ ಕಾರುಗಳ ಕೆಳಗೆ ಮಲಗಿಯೇ ಬೆಳೆದವನಂತೆ. ಬಾನೆಟ್ ತೆಗೆಸಿ ನೋಡಿದ. ಆಮೇಲೆ ರಸ್ತೆಯ ಮೇಲೆ ಅಂಗಾತ ಮಲಗಿ, ಕತ್ತನ್ನು ನಮ್ಮ ನಿಮ್ಮ ಕತ್ತು ತಿರುಗದ ರೀತಿಯಲ್ಲಿ ತಿರುಗಿಸಿ ಹಿಂದಿನ ಅಚ್ಚನ್ನು ನೋಡಿದ.

“ಎಂಜಿನ್ನು ಎಷ್ಟು ಶಕ್ತಿಯದು?” ಎಂದು ಕೆಳಗಿನಿಂದಲೇ ಇಂಗ್ಲಿಷಿನಲ್ಲಿ ಕೇಳಿದ.

“ಎಂಬತ್ತೈದು” ಎಂದರು ಶಿವರುದ್ರಪ್ಪನವರು, ಮಗ ರ್‍ಯಾಂಕ್ ಬಂದನೆಂದು ಹೇಳುವವರ ಹಾಗೆ.

“ಆಕ್ಸಲ್ಲು ಹಳೆಯದೇ?”

“ಹಳೆಯದೇ.”

ಗ್ರಹಾಂ ಎದ್ದು ಬೆನ್ನಿನ ಧೂಳು ಕೊಡವಿದ. “ನಮ್ಮಪ್ಪ ಹೇಳುತ್ತಿದ್ದರು, ಇದು ಅರವತ್ತು ತಡೆಯುತ್ತದೆ. ಎಪ್ಪತ್ತಕ್ಕೆ ಧೈರ್ಯ ಬೇಕು. ಅದರಾಚೆಗೆ ಪ್ರಾರ್ಥನೆ” ಎಂದು ಎರಡೂ ಕೈ ಜೋಡಿಸಿದ. ಅದು ಪ್ರಾರ್ಥನೆಯೋ ನಮಸ್ಕಾರವೋ ಶಿವರುದ್ರಪ್ಪನವರಿಗೆ ತಿಳಿಯಲಿಲ್ಲ. ಅವರೂ ಕೈ ಜೋಡಿಸಿದರು.

ಅಂದು ಗೋಕುಲಂನಿಂದ ಶ್ರೀರಾಂಪುರಕ್ಕೆ ಬರುವಾಗ ಕಾರು ಹೆಣ ಹೊತ್ತವರ ನಡಿಗೆಯಲ್ಲಿ ಬಂತು.

ಆಮೇಲಿನ ಮೂರು ವರ್ಷ ಮೈಸೂರಿನ ರಸ್ತೆಗಳಲ್ಲಿ ಅಷ್ಟು ನಿಧಾನವಾಗಿ ಓಡಿದ ಕಾರು ಇನ್ನೊಂದಿರಲಿಲ್ಲ. ಹಳೆಯ ಎಂಜಿನ್ನಿದ್ದಾಗಲೂ ಕಾರು ನಲವತ್ತರಲ್ಲಿ ಓಡುತ್ತಿತ್ತು, ಈಗ ಇಪ್ಪತ್ತೈದು. ಆಕ್ಸಿಲರೇಟರನ್ನು ಮಗುವಿನ ಕೆನ್ನೆಯಂತೆ ಮುಟ್ಟುವರು. ಆಟೋಗಳು ಹಿಂದಿಕ್ಕಿದವು, ಸೊಪ್ಪಿನ ಸೈಕಲ್ಲುಗಳು ಹಿಂದಿಕ್ಕಿದವು. ಒಮ್ಮೆ ದೇವರಾಜ ಮಾರ್ಕೆಟ್ಟಿನ ಹತ್ತಿರ ಒಂದು ಟಾಂಗಾ ಹಿಂದಿಕ್ಕಿತು. ಒಂದು ಕುದುರೆ ಎಂಬತ್ತೈದನ್ನು ದಾಟಿಹೋದದ್ದನ್ನು ಶಾಂತಾದೇವಿ ಗಮನಿಸಿದರು.

“ಅಲ್ರೀ, ಇಷ್ಟು ಮೆಲ್ಲಗೆ ಹೋಗೋಕೆ ಆ ಹಳೇ ಎಂಜಿನ್ನೇ ಸಾಕಾಗ್ತಿತ್ತಲ್ಲ?”

“ಶಕ್ತಿ ಇದೆ ಅಂತ ತೋರಿಸಬಾರದು ಶಾಂತಾ. ಇರಬೇಕು.”

“ಯಾರಿಗೆ?” ಎಂದರು ಅವರು. ಶಿವರುದ್ರಪ್ಪನವರ ಕಿವಿಯೆಲ್ಲ ಹಿಂದಿನ ಸೀಟಿನ ಕೆಳಗಿತ್ತು. ಎಲ್ಲಿ ಟಕ್ ಎಂದಿತೋ, ಎಲ್ಲಿ ಗುಂಯ್ ಎಂದಿತೋ. ರಾತ್ರಿ ಕನಸಿನಲ್ಲೂ ಆಕ್ಸಲ್ ಮುರಿಯುತ್ತಿತ್ತು. ಪ್ರತಿ ಸಲವೂ ಬಸ್ಸಿನ ಪಕ್ಕದಲ್ಲೇ. ಬಿಚ್ಚಿ ನೋಡಿದ್ದರೆ ಅರ್ಧ ದಿನದಲ್ಲಿ ಈ ಹೆದರಿಕೆ ಮುಗಿದುಹೋಗುತ್ತಿತ್ತು. ಆದರೆ ಬಿರುಕು ಕಂಡರೆ ಕಾರಿಗೆ ಗೀಟು ಎಳೆಯಬೇಕಾಗುತ್ತದಲ್ಲ. ಅದಕ್ಕಿಂತ ಹೆದರಿಕೆಯೇ ಮೇಲೆನಿಸಿತು. ಊರಿನವರೆಲ್ಲರ ಮಾಲು ತಪಾಸಣೆ ಮಾಡಿದವರು ತಮ್ಮ ಮಾಲಿಗೆ ಮಾತ್ರ ಟಾರ್ಪಾಲು ಹೊದಿಸಿದಂತೆ ಇಟ್ಟರು.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಮಗಳು ಹೇಮಶ್ರೀಯ ಮದುವೆ ಗೊತ್ತಾಯಿತು. ವರ ನಾಗಾರ್ಜುನ, ನಂಜನಗೂಡಿನ ಕಡೆಯ ಹುಡುಗ, ಮೈಸೂರಿನಲ್ಲೇ ಔಷಧಿ ಅಂಗಡಿ. ವಧೂವರರನ್ನು ಕಲ್ಯಾಣ ಮಂಟಪದಿಂದ ಮನೆಗೆ ತಾತನ ಕಾರಿನಲ್ಲೇ ಕರೆತರಬೇಕೆಂದು ಹೇಮಶ್ರೀ ಹಟ ಹಿಡಿದಳು. ಶಿವರುದ್ರಪ್ಪನವರು ಒಪ್ಪಿದರು. ದೂರ ಹೆಚ್ಚಿಲ್ಲ, ನಿಧಾನವಾಗಿ ಹೋಗಬೇಕಾದ ಸಂದರ್ಭ. ಮದುವೆ ಮೆರವಣಿಗೆಗಿಂತ ಆಕ್ಸಲ್ಲಿಗೆ ಕ್ಷೇಮವಾದ ಕೆಲಸ ಯಾವುದಿದೆ?

ಹೂವಿನ ಸರದಲ್ಲಿ ಮುಳುಗಿದ ಕಾರು ಮಂಟಪದ ಮುಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮದುಮಕ್ಕಳು, ಅವರಿಬ್ಬರ ನಡುವೆ ಹಟ ಮಾಡಿ ನುಗ್ಗಿದ ನಾಗಾರ್ಜುನನ ದಪ್ಪ ಸೋದರತ್ತೆ ಮಾದೇವಮ್ಮ, ಮುಂದೆ ಕಳಶ ಹಿಡಿದ ಶಾಂತಾದೇವಿ. ಡಿಕ್ಕಿಯಲ್ಲಿ ಬಳುವಳಿಯ ಪಾತ್ರೆಗಳು. ಮಂಟಪದ ಎದುರಿಗೇ ಕೇಬಲ್ಲಿನವರು ರಸ್ತೆ ಅಗೆದು, ಮುಚ್ಚಿದಂತೆ ಮಾಡಿ ಹೋಗಿದ್ದರು. ಹತ್ತು ಮಾರು ಹೋಗುವಷ್ಟರಲ್ಲಿ ಮೆತ್ತನೆಯ ಮಣ್ಣಿನಲ್ಲಿ ಹಿಂದಿನ ಚಕ್ರ ಇಳಿಯಿತು.

ಶಿವರುದ್ರಪ್ಪನವರು ಮೊದಲ ಗೇರಿಗೆ ಹಾಕಿ ಮೆಲ್ಲಗೆ ಒತ್ತಿದರು. ಚಕ್ರ ತಿರುಗಿ ಮಣ್ಣು ಎರಚಿತು. ಇನ್ನೊಂದು ಸಲ. ವಾಲಗದವರು ನಿಂತು ನೋಡಿದರು. ಬೀಗರ ಕಡೆಯ ಯಾರೋ, “ಕಾರು ನೋಡೋಕೆ ಚೆಂದ” ಎಂದದ್ದು ತೆರೆದ ಕಿಟಕಿಯಿಂದ ಒಳಗೆ ಬಂತು. ಅಷ್ಟೇ ಸಾಕಾಯಿತು. ಮೂರು ವರ್ಷ ಗಟ್ಟಿಯಾಗಿ ಒತ್ತದೆ ಕಾಪಾಡಿದ ಆಕ್ಸಿಲರೇಟರನ್ನು ಅವರು ತಳಮುಟ್ಟ ಒತ್ತಿ ಕ್ಲಚ್ಚು ಬಿಟ್ಟರು. ಚಕ್ರ ಒಂದೇ ಸಮನೆ ಬೀಸಿ ತಿರುಗುತ್ತಾ ಗುಂಡಿಯಂಚಿನ ಕಲ್ಲುಚಪ್ಪಡಿಗೆ ಕಚ್ಚಿಕೊಂಡಿತು. ಹಿಂದಿನಿಂದ ಟಕ್ ಎಂದು ಒಂದು ಸದ್ದು, ಒಣ ಕಬ್ಬು ಮುರಿದ ಹಾಗೆ. ಆಮೇಲೆ ಎಂಜಿನ್ನು ಎಷ್ಟು ಗರ್ಜಿಸಿದರೂ ಕಾರು ಅಲುಗಲಿಲ್ಲ.

ಅತಿಥಿಗಳ ನಡುವೆ ರೇಷ್ಮೆ ಅಂಗಿಯಲ್ಲಿದ್ದ ಡೆನ್ನಿಸ್ ಬಂದು ಕಿಟಕಿಗೆ ಬಾಗಿದ. “ಹೋಯ್ತು ಸಾರ್” ಎಂದ ಮೆಲ್ಲಗೆ.

“ಗೊತ್ತು.”

ಮದುಮಕ್ಕಳು ನಡುದಾರಿಯಲ್ಲಿ ಇಳಿಯಕೂಡದೆಂದು ಮಾದೇವಮ್ಮ ತೀರ್ಪು ಕೊಟ್ಟರು. ತಾವೂ ಇಳಿಯಲಿಲ್ಲ. ಕೊನೆಗೆ ಪಂಚೆ ಎತ್ತಿ ಕಟ್ಟಿದ ನೆಂಟರೆಲ್ಲ ಸೇರಿ ಕಾರನ್ನು ಗುಂಡಿಯಿಂದೆತ್ತಿ ಮನೆಯತನಕ ತಳ್ಳಿಕೊಂಡು ಹೊರಟರು. ಹಬ್ಬದೂಟಕ್ಕೆ ಕರೆಯದಿದ್ದ ಷಡ್ಡಕನೂ ತಳ್ಳಿದವರಲ್ಲಿದ್ದ. ಯಾರಿಗಿಂತಲೂ ಉತ್ಸಾಹದಿಂದ ತಳ್ಳಿದ. ಮುಂದೆ ವಾಲಗ, ಹಿಂದೆ ಹೆಂಗಸರು, ನಡುವೆ ಸದ್ದಿಲ್ಲದೆ ಸಾಗುವ ಕಾರು. ಸ್ಟೀರಿಂಗ್ ಹಿಡಿದ ಶಿವರುದ್ರಪ್ಪನವರು ನೆಲ ಬಾಯಿಬಿಟ್ಟರೆ ಇಳಿದುಬಿಡುವೆನೆನ್ನುವಂತೆ ಕೂತಿದ್ದರು. ರಸ್ತೆಯ ಎರಡೂ ಬದಿಯ ಜನ ನಿಂತು ನೋಡಿದರು. ಎಂಜಿನ್ನಿನ ಗಲಾಟೆಯಿಲ್ಲದೆ, ನೆಂಟರೇ ತಳ್ಳಿ ತರುವ ಇಂಥ ಮೆರವಣಿಗೆ ನೋಡಿ ಎಷ್ಟು ಕಾಲವಾಯಿತೆಂದು ಬೀಗರೇ ಮೆಚ್ಚಿಕೊಂಡರು. “ಎಷ್ಟು ಗೌರವವಾಗಿತ್ತು ಅಂತೀರಿ” ಎಂದು ಮಾದೇವಮ್ಮ ಮುಂದಿನ ಮದುವೆಗಳಲ್ಲೆಲ್ಲ ಹೇಳಿಕೊಂಡು ಬಂದರು. ಆ ಬೇಸಿಗೆಯಲ್ಲೇ ಯಾರೋ ಇಬ್ಬರು ತಮ್ಮ ಮಕ್ಕಳ ಮದುವೆಗೂ ಹೀಗೇ ತಳ್ಳಿಸಬಹುದೇ ಎಂದು ಕೇಳಿಕೊಂಡು ಮನೆಗೆ ಬಂದರು.

ಮದುವೆಯ ಗಡಿಬಿಡಿ ತಗ್ಗಿದ ಮೇಲೆ ಡೆನ್ನಿಸ್ ಶೆಡ್ಡಿನಲ್ಲೇ ಆಕ್ಸಲ್ ಬಿಚ್ಚಿದ. ಎಡಗಡೆಯ ಸರಳು ಎರಡು ತುಂಡಾಗಿ ಬಂತು. ಶಿವರುದ್ರಪ್ಪನವರು ಮುರಿದ ತುದಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅಂಗಳಕ್ಕೆ ತಂದು, ಬಿಸಿಲಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಮುರಿದ ಮುಖದ ಹೆಚ್ಚು ಭಾಗ ಕಪ್ಪಾಗಿತ್ತು, ನುಣುಪಾಗಿತ್ತು. ಚಿಪ್ಪಿನ ಮೇಲಿನ ಗೆರೆಗಳಂತೆ ಒಂದರೊಳಗೊಂದು ಗೆರೆ. ಅಂಚಿನಲ್ಲಿ ಉಳಿದ ಚೂರು ಮಾತ್ರ ಆಗತಾನೆ ಒಡೆದ ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು.

ಕಾಫಿ ತಂದ ಶಾಂತಾದೇವಿ, “ಏನಂತೆ?” ಎಂದರು.

“ಈ ಕಪ್ಪು ಇದೆಯಲ್ಲ, ಇದು ಇವತ್ತಿನ ಬಿರುಕಲ್ಲ. ಮೂವತ್ತು ನಲವತ್ತು ವರ್ಷದ್ದು. ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿದೆ. ಹೊಳೀತಿರೋದು ಮಾತ್ರ ಮೊನ್ನೆ ಮುರಿದದ್ದು.”

“ಅಂದ್ರೆ ನಮ್ಮಪ್ಪನ ಕಾಲದ್ದು.” ಶಾಂತಾದೇವಿ ಕಾಫಿ ಲೋಟ ಕೆಳಗಿಟ್ಟರು. “ಗೌರಿ ಹಬ್ಬ ಬಂತು ಅಂದ್ರೆ ಹಿಂದಿನ ಸೀಟು ಕಿತ್ತಿಟ್ಟು ಹಂಡೆ, ಕೊಪ್ಪರಿಗೆ ಎಲ್ಲಾ ಇದ್ರಲ್ಲೇ ತುಂಬಿಸೋರು. ಟೈರು ಮಡ್‌ಗಾರ್ಡಿಗೆ ಉಜ್ಜೋದು. ನರಸೀಪುರದ ಸಂತೆವರೆಗೂ ಹೋಗೋರು.”

“ನಂಗೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲವಲ್ಲ.” ಅವರು ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. “ಹಂಗಾದ್ರೆ ಇಷ್ಟು ದೊಡ್ಡ ಎಂಜಿನ್ನನ್ನ ಮೂರು ವರ್ಷ ತಡ್ಕೊಂಡಿದ್ದು ಈ ಹೊಳಿಯೋ ಚೂರಾ?”

“ಹೂಂ.”

“ಪಾಪ” ಎಂದರು ಶಾಂತಾದೇವಿ. ಸರಳಿಗೆ ಹೇಳಿದರೋ ಗಂಡನಿಗೆ ಹೇಳಿದರೋ ಸ್ಪಷ್ಟವಾಗಲಿಲ್ಲ.

ಶಿವರುದ್ರಪ್ಪನವರು ಅಂಗಳದ ಕಟ್ಟೆಯ ಮೇಲೆ ಕೂತರು. ಇಪ್ಪತ್ತೈದರಲ್ಲಿ ಓಡಿಸಿದ್ದರಿಂದ ಆಕ್ಸಲ್ಲು ಉಳಿದಿತ್ತೆಂದು ಅವರು ನಂಬಿದ್ದರು. ಓಟದ ವೇಗಕ್ಕೆ ಸರಳು ಮುರಿಯುವುದಿಲ್ಲ. ನಿಂತ ಕಾರನ್ನು ಒಮ್ಮೆಲೇ ಕಿತ್ತೆಬ್ಬಿಸುವಾಗ ಮುರಿಯುತ್ತದೆ. ಇದು ಅವರೇ ಹೊಸ ಹುಡುಗರಿಗೆ ಪಾಠ ಹೇಳಿದ್ದ ವಿಷಯ. ಅರವತ್ತರಲ್ಲೋ ಎಂಬತ್ತರಲ್ಲೋ ಆರಾಮಾಗಿ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ. ಆ ಲೆಕ್ಕ ಹಾಕಿದ ದಿನ ಒಂದೇ ಒಂದು ಸಲ ಬಿಚ್ಚಿ, ಉಗುರಿನಿಂದ ಸವರಿದ್ದರೆ ಈ ಬಿರುಕು ಕುರುಡನಿಗೂ ಸಿಗುತ್ತಿತ್ತು. ಎಷ್ಟು ಜನರ ಮಾಲು ವಾಪಸ್ಸು ಕಳಿಸಿದ್ದೆನೋ ಎಂದು ನೆನೆಯುತ್ತಾ ಕಾಫಿ ಆರಿಸಿಬಿಟ್ಟರು. ಆಮೇಲೆ ಎದ್ದು, ಮುರಿದ ಸರಳನ್ನು ಚೀಲಕ್ಕೆ ಹಾಕಿಕೊಂಡು ಷಡ್ಡಕನ ವರ್ಕ್‌ಶಾಪಿಗೆ ಹೋಗಿ ತೋರಿಸಿ ಬಂದರು. ಏನು ಮಾತಾಯಿತೋ ಮನೆಯಲ್ಲಿ ಹೇಳಲಿಲ್ಲ. ಆ ವರ್ಷ ಹಬ್ಬದೂಟದ ಕರೆ ಬಂತು.

“ಅಂಬಾಸಡರ್ ಆಕ್ಸಲ್ ಹಾಕ್ಬುಡೋಣ ಸಾರ್. ಅಗಲ ಸ್ವಲ್ಪ ಕುಯ್ದು ಕೂರಿಸ್ತೀನಿ. ಲಾರಿ ಎಂಜಿನ್ ಇಟ್ರೂ ತಡೆಯುತ್ತೆ” ಎಂದ ಡೆನ್ನಿಸ್.

“ತಡೆಯುತ್ತೆ ಅನ್ನಬೇಡ. ತಗೊಂಡ್ಬಾ, ನೋಡೋಣ.”

ಡೆನ್ನಿಸ್ ಗುಜರಿಯಿಂದ ತಂದ ಸರಳುಗಳನ್ನು ಶಿವರುದ್ರಪ್ಪನವರು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿಟ್ಟು, ಒರೆಸಿ, ಸುಣ್ಣ ಬಳಿದು ಬಿಸಿಲಿಗಿಟ್ಟರು. ಬಿರುಕಿದ್ದಲ್ಲಿ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಮೊದಲ ಜೋಡಿ ವಾಪಸ್ಸು. ಎರಡನೆಯದೂ ವಾಪಸ್ಸು. “ಸಾರ್, ಗುಜರಿಯವನು ನನ್ನ ನೋಡಿದ್ರೆ ಬಾಗಿಲು ಹಾಕ್ಕೋತಾನೆ” ಎಂದು ಡೆನ್ನಿಸ್ ಗೋಳಾಡಿದ. ಮೂರನೆಯ ಜೋಡಿಯ ಸುಣ್ಣ ಬೆಳ್ಳಗೇ ಉಳಿಯಿತು. ಸುತ್ತಿಗೆಯಿಂದ ತಟ್ಟಿದರೆ ದೇವಸ್ಥಾನದ ಗಂಟೆಯಂತೆ ನಾದ ಬಂತು. ಡೆನ್ನಿಸ್ ಶಿಲುಬೆಯ ಗುರುತು ಮಾಡಿಕೊಂಡ.

ಕಾರು ತಯಾರಾದದ್ದು ಕಾರ್ತಿಕದ ಹೊತ್ತಿಗೆ. ಬೆಳಗಿನ ತಂಪಿನಲ್ಲಿ ಗಂಡಹೆಂಡತಿ ನಂಜನಗೂಡಿನ ರಸ್ತೆ ಹಿಡಿದರು. ಊರು ದಾಟಿ, ರಸ್ತೆ ಖಾಲಿಯಾಗಿ, ಎರಡೂ ಕಡೆ ಭತ್ತದ ಗದ್ದೆಗಳು ಬಂದವು. ಶಿವರುದ್ರಪ್ಪನವರು ಅಭ್ಯಾಸದಂತೆ ಇಪ್ಪತ್ತೈದರಲ್ಲಿದ್ದರು. ಆಮೇಲೆ ಸ್ವಲ್ಪ ಒತ್ತಿದರು. ಇನ್ನಷ್ಟು. ಆ ದುಂಡನೆಯ ಕಾರು ಮೂಗು ಎತ್ತಿ ಹೊರಟ ಪರಿಗೆ ಅವರ ಬೆನ್ನು ಸೀಟಿಗೆ ಅಂಟಿಕೊಂಡಿತು. ಗಾಳಿಗೆ ಶಾಂತಾದೇವಿಯ ಸೆರಗು ಪಟಪಟಿಸಿತು. ಮುಳ್ಳು ತೊಂಬತ್ತು ದಾಟಿತು. ಶಿವರುದ್ರಪ್ಪನವರು ತಮಗೆ ಗೊತ್ತಿಲ್ಲದಂತೆಯೇ ನಗುತ್ತಿದ್ದರು.

“ಇನ್ನೂ ಇದೆಯಾ?” ಎಂದು ಶಾಂತಾದೇವಿ ಗಾಳಿಯ ಮೇಲೆ ಕೂಗಿ ಕೇಳಿದರು.

“ಇದೆ.”

“ಮತ್ತೆ ಯಾಕೆ ಇಟ್ಕೊಂಡಿದೀರಿ?”

ನಂಜನಗೂಡಿನಲ್ಲಿ ಕಾಫಿ ಕುಡಿದು ಹೊರಗೆ ಬಂದಾಗ ಶಾಂತಾದೇವಿ ಕಾರಿನ ಬಲಗಡೆಗೆ ನಡೆದು ಕೈ ಚಾಚಿದರು. “ಕೀ ಕೊಡಿ.”

“ನಿಂಗೆ ಬರುತ್ತಾ?”

“ಇದ್ರಲ್ಲೇ ಕಲ್ತಿದ್ದು. ಮದುವೆಗೆ ಮುಂಚೆ. ಅಂಗಡಿ ಬಾಗಿಲು ಹಾಕಿದ್ಮೇಲೆ ಅಪ್ಪ ದೊಡ್ಡಕೆರೆ ಮೈದಾನಕ್ಕೆ ಕರ್ಕೊಂಡು ಹೋಗೋರು. ಲೈಸೆನ್ಸೂ ಇತ್ತು ಕಣ್ರೀ, ಹೇಮ ಹುಟ್ಟಿದ್ಮೇಲೂ ರಿನ್ಯೂ ಮಾಡಿಸ್ತಾನೇ ಬಂದಿದೀನಿ. ನೀವು ಅದನ್ನ ರೇಷನ್ ಕಾರ್ಡ್ ಅಂದ್ಕೊಂಡಿರಿ.”

ಶಿವರುದ್ರಪ್ಪನವರು ಕೀ ಕೊಟ್ಟು ಎಡಗಡೆ ಕೂತರು. ಶಾಂತಾದೇವಿ ಕನ್ನಡಿ ಸರಿಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಲಚ್ಚನ್ನು ಹಾಲು ಬಗ್ಗಿಸಿದಂತೆ ಬಿಟ್ಟರು. ಕಾರು ಒಂದು ಕುಲುಕಿಲ್ಲದೆ ಹೊರಟಿತು. ಮೂರನೆಯ ಗೇರು, ನಾಲ್ಕನೆಯದು. ಒಂದು ಬಸ್ಸು ಅಡ್ಡ ಬಂತು. ಹಾರ್ನ್ ಹೊಡೆದು ದಾಟಿದರು. ಶಿವರುದ್ರಪ್ಪನವರು ಕಿವಿಯನ್ನು ಹಿಂದಕ್ಕೆ ಕೊಟ್ಟು ಕೂತಿದ್ದರು. ಕಡಕೊಳ ಬರುವವರೆಗೂ ಹಾಗೇ ಕೂತಿದ್ದರು. ಆಮೇಲೆ ಚಪ್ಪಲಿ ಬಿಟ್ಟು, ಕಾಲು ಮಡಚಿಕೊಂಡು, ಕಿಟಕಿಯ ಗಾಜು ಇಳಿಸಿದರು.